ಅಲುಗದಿರುವುದೇ ಯಂತ್ರದ ಆರೋಗ್ಯವೆ?

ಹಿಟ್ಟಿನ ಗಿರಣಿಯ ಅನುಭವಸ್ಥ ಮೇಸ್ತ್ರಿಯು ಯಂತ್ರದ ಆರೋಗ್ಯವನ್ನು ಪರೀಕ್ಷಿಸುವ ಬಗೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಯಂತ್ರವು ಓಡುತ್ತಿರುವಾಗಲೇ ಅವನು ಬೇರಿಂಗಿನ ಕವಚದ ಮೇಲೆ ಅಂಗೈಯನ್ನು ಇಡುತ್ತಾನೆ. ಒಂದು ಕ್ಷಣ ಕಿವಿಗೊಡುತ್ತಾನೆ. ಅನಂತರ, "ಇನ್ನೂ ಆರು ತಿಂಗಳು ಯೋಚನೆಯಿಲ್ಲ" ಎಂದೋ, "ಬೇರಿಂಗು ಬದಲಾಯಿಸಬೇಕು" ಎಂದೋ ತೀರ್ಪು ಕೊಡುತ್ತಾನೆ. ಆ ತೀರ್ಪು ತಪ್ಪುವುದು ಅಪರೂಪ. ಅವನ ಅಂಗೈ ಓದಿಕೊಂಡದ್ದು ಕಂಪನವನ್ನು. ಕಂಪನ ಕಡಿಮೆಯಾದಷ್ಟೂ ಯಂತ್ರವು ಆರೋಗ್ಯವಾಗಿದೆ, ಹೆಚ್ಚಾದಷ್ಟೂ ರೋಗಗ್ರಸ್ತವಾಗಿದೆ ಎಂಬುದೇ ಅವನ ಶಾಸ್ತ್ರ. ದೊಡ್ಡ ವಿದ್ಯುದಾಗಾರಗಳ ಎಂಜಿನಿಯರುಗಳು ಸೂಕ್ಷ್ಮವಾದ ಉಪಕರಣಗಳಿಂದ ಮಾಡುವುದೂ ಮೂಲತಃ ಇದನ್ನೇ.

ಈ ಶಾಸ್ತ್ರವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಕ್ರಮಕ್ರಮವಾಗಿ ಬಳಕೆಗೆ ಬಂದಿರುವ ಒಂದು ಜಾತಿಯ ಯಂತ್ರಗಳ ವಿಷಯದಲ್ಲಿ ಇದು ಅರ್ಧಸತ್ಯ ಮಾತ್ರವೆಂದೂ, ಉಳಿದ ಅರ್ಧವನ್ನು ಮರೆತರೆ ಅಪಾಯವುಂಟೆಂದೂ ನನ್ನ ಅಭಿಪ್ರಾಯ. ಆ ಯಂತ್ರಗಳಲ್ಲಿ ತಿರುಗುವ ಭಾಗವು ಯಾವುದನ್ನೂ ಮುಟ್ಟದೆ, ವಿದ್ಯುತ್ಕಾಂತಗಳ ಸೆಳೆತದಿಂದ ಗಾಳಿಯಲ್ಲಿ ತೇಲುತ್ತಿರುತ್ತದೆ. ಇಂಥ ಆಧಾರಕ್ಕೆ ಸಕ್ರಿಯ ಕಾಂತ ಬೇರಿಂಗು ಎಂದು ಹೆಸರು. "ಸಕ್ರಿಯ" ಎಂಬ ವಿಶೇಷಣವೇ ಇಲ್ಲಿ ಮುಖ್ಯವಾದುದು. ಅದು ಹೇಗೆಂಬುದನ್ನು ಮೊದಲು ನೋಡೋಣ.

ಕಾಂತದ ಸೆಳೆತ, ಕಾಂತದ ತೊಡಕು

ಮೇಜಿನ ಮೇಲೊಂದು ಕಬ್ಬಿಣದ ಗುಂಡನ್ನಿಟ್ಟು, ಅಯಸ್ಕಾಂತವನ್ನು ಮೇಲಿನಿಂದ ನಿಧಾನವಾಗಿ ಅದರ ಬಳಿಗೆ ತನ್ನಿರಿ. ಸ್ವಲ್ಪ ದೂರದವರೆಗೆ ಏನೂ ಆಗುವುದಿಲ್ಲ. ಆಮೇಲೆ ಗುಂಡು ಒಮ್ಮೆಲೇ ನೆಗೆದು ಕಾಂತಕ್ಕೆ ಅಂಟಿಕೊಳ್ಳುತ್ತದೆ. ನಡುವೆ ನಿಲ್ಲುವ ಮಾತೇ ಇಲ್ಲ. ಗುಂಡು ಹತ್ತಿರ ಬಂದಷ್ಟೂ ಸೆಳೆತ ಹೆಚ್ಚುವುದು, ದೂರ ಹೋದಷ್ಟೂ ತಗ್ಗುವುದು ಇದಕ್ಕೆ ಕಾರಣ. ಸಾಧಾರಣ ಸ್ಪ್ರಿಂಗು ಇದಕ್ಕೆ ತದ್ವಿರುದ್ಧ: ಎಳೆದಷ್ಟೂ ಹಿಂದಕ್ಕೆ ಸೆಳೆದು, ವಸ್ತುವನ್ನು ಅದರ ಸ್ಥಾನಕ್ಕೆ ತರುತ್ತದೆ. ಕಾಂತವು ಹಾದಿತಪ್ಪಿದುದನ್ನು ಇನ್ನಷ್ಟು ಹಾದಿತಪ್ಪಿಸುತ್ತದೆ. ಸ್ಥಿರವಾದ ಅಯಸ್ಕಾಂತಗಳನ್ನು ಎಷ್ಟೇ ಜಾಣತನದಿಂದ ಜೋಡಿಸಿದರೂ, ಅವುಗಳ ಬಲದಿಂದಲೇ ಒಂದು ಕಾಂತವನ್ನಾಗಲಿ ಕಬ್ಬಿಣದ ತುಂಡನ್ನಾಗಲಿ ಸ್ಥಿರ ಸಮತೋಲದಲ್ಲಿ ನಿಲ್ಲಿಸಲಾಗದು. ಇದರ ಮೂಲವಾದ ಪ್ರಮೇಯವನ್ನು ಇಂಗ್ಲೆಂಡಿನ ಪಾದ್ರಿಯೂ ಗಣಿತಜ್ಞನೂ ಆದ ಸ್ಯಾಮ್ಯುಯೆಲ್ ಅರ್ನ್‌ಷಾ ಎಂಬಾತನು 1842ರಲ್ಲಿ ಪ್ರಕಟಿಸಿದನು.

ಪ್ರಮೇಯವು ಸುಳ್ಳಾಗಿಲ್ಲ. ಆದರೆ ಅದು ಹೇಳುವುದು ಬದಲಾಗದ ಕಾಂತಗಳ ವಿಷಯವನ್ನು. ಕ್ಷಣಕ್ಷಣಕ್ಕೂ ತನ್ನ ಬಲವನ್ನು ಬದಲಾಯಿಸಿಕೊಳ್ಳಬಲ್ಲ ಕಾಂತಕ್ಕೆ ಆ ನಿರ್ಬಂಧ ಅನ್ವಯಿಸದು. ಅಂಗೈಯ ಮೇಲೆ ನೆಟ್ಟಗೆ ಕೋಲನ್ನು ನಿಲ್ಲಿಸಿ ಆಡುವ ಹುಡುಗನನ್ನು ನೆನೆಯಿರಿ. ಕೈಯನ್ನು ಅಲುಗಿಸದೆ ಇಟ್ಟರೆ ಕೋಲು ಬಿದ್ದೇ ಬೀಳುತ್ತದೆ. ಕಣ್ಣು ಕೋಲಿನ ತುದಿಯನ್ನು ನೋಡುತ್ತಿರಬೇಕು. ಅದು ವಾಲಿದ ಕಡೆಗೆ ಕೈ ಕೂಡಲೇ ಸರಿಯಬೇಕು. ಸಕ್ರಿಯ ಕಾಂತ ಬೇರಿಂಗು ಮಾಡುವುದೂ ಇದನ್ನೇ. ತಿರುಗುವ ದಂಡದ ಸುತ್ತ ಎದುರುಬದುರಾಗಿ ವಿದ್ಯುತ್ಕಾಂತಗಳಿರುತ್ತವೆ. ದಂಡಕ್ಕೂ ಅವಕ್ಕೂ ನಡುವೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನ ಅಂತರ. ಪಕ್ಕದಲ್ಲಿರುವ ಸಂವೇದಕಗಳು ದಂಡವು ಎಲ್ಲಿದೆಯೆಂದು ಅಳೆಯುತ್ತಲೇ ಇರುತ್ತವೆ. ಗಣಕವೊಂದು ಸೆಕೆಂಡಿಗೆ ಹತ್ತು ಸಾವಿರ ಸಲವೋ ಅದಕ್ಕೂ ಹೆಚ್ಚು ಸಲವೋ ಆ ಅಳತೆಯನ್ನು ಓದಿ, ಯಾವ ಕಾಂತಕ್ಕೆ ಎಷ್ಟು ವಿದ್ಯುತ್ತನ್ನು ಕಳುಹಿಸಬೇಕೆಂದು ನಿರ್ಣಯಿಸುತ್ತದೆ. ವರ್ಧಕವು ಅಷ್ಟನ್ನು ಕಳುಹಿಸುತ್ತದೆ. ಫಲವನ್ನು ನೋಡಿ ಮುಂದಿನ ಕಾರ್ಯವನ್ನು ತಿದ್ದಿಕೊಳ್ಳುವ ಈ ಕ್ರಮಕ್ಕೆ ಹಿಮ್ಮಾಹಿತಿ ಎನ್ನುತ್ತಾರೆ.

ಇದು ಬರಿಯ ಪ್ರಯೋಗಶಾಲೆಯ ಚಮತ್ಕಾರವಲ್ಲ. ಅಮೆರಿಕದ ವರ್ಜೀನಿಯ ವಿಶ್ವವಿದ್ಯಾನಿಲಯದಲ್ಲಿ ಜೆಸ್ಸಿ ಬೀಮ್ಸ್ ಎಂಬ ಭೌತವಿಜ್ಞಾನಿ 1930 ಮತ್ತು 1940ರ ದಶಕಗಳಲ್ಲಿ ಉಕ್ಕಿನ ಸಣ್ಣ ಗುಂಡುಗಳನ್ನು ಹೀಗೆ ನಿರ್ವಾತದಲ್ಲಿ ತೂಗಬಿಟ್ಟು, ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಗುಂಡನ್ನು ಸೆಕೆಂಡಿಗೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿಸಿದನು. 1976ರಲ್ಲಿ ಫ್ರಾನ್ಸಿನಲ್ಲಿ ಇಂಥ ಬೇರಿಂಗುಗಳನ್ನು ತಯಾರಿಸುವುದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಈಗ ನೈಸರ್ಗಿಕ ಅನಿಲವನ್ನು ಕೊಳವೆಗಳಲ್ಲಿ ನೂಕುವ ಸಂಪೀಡಕಗಳಲ್ಲಿಯೂ, ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಯಂತ್ರಗಳಲ್ಲಿಯೂ, ಉತ್ತಮ ನಿರ್ವಾತವನ್ನು ಉಂಟುಮಾಡುವ ಪಂಪುಗಳಲ್ಲಿಯೂ ಇವು ದುಡಿಯುತ್ತಿವೆ. ಎಣ್ಣೆ ಬೇಡ, ಸವೆತವಿಲ್ಲ. 2017ರಲ್ಲಿ ಅಮೆರಿಕದಲ್ಲಿ ಬಳಕೆಗೆ ಅನುಮತಿ ಪಡೆದ ಹಾರ್ಟ್‌ಮೇಟ್ 3 ಎಂಬ ಹೃದಯ ಸಹಾಯಕ ಪಂಪಿನಲ್ಲಂತೂ ಕಾಂತಗಳಿಂದ ತೇಲುವ ಚಕ್ರವೊಂದು ರೋಗಿಯ ಎದೆಯೊಳಗೇ ನಿಂತು ರಕ್ತವನ್ನು ನೂಕುತ್ತದೆ. ಇಂಥ ಚಕ್ರವು ನೆಮ್ಮದಿಯಾಗಿ ತಿರುಗುತ್ತಿದೆಯೇ ಎಂಬ ಪ್ರಶ್ನೆ ಎಂಜಿನಿಯರುಗಳಿಗೆ ಮಾತ್ರ ಸಂಬಂಧಪಟ್ಟದ್ದೆಂದು ಯಾರು ಹೇಳಬಲ್ಲರು?

ಬಿಗಿಹಿಡಿತದಿಂದ ಆಗುವ ಹಾನಿ

ತಿರುಗುವ ವಸ್ತುವು ಏಕೆ ಕಂಪಿಸುತ್ತದೆ? ಯಾವ ಕುಶಲಕರ್ಮಿಯೂ ದ್ರವ್ಯರಾಶಿಯ ಕೇಂದ್ರವು ಜ್ಯಾಮಿತೀಯ ಕೇಂದ್ರದ ಮೇಲೆಯೇ ಕರಾರುವಾಕ್ಕಾಗಿ ಕೂರುವಂತೆ ಚಕ್ರವನ್ನು ಮಾಡಲಾರನು. ಕೂದಲೆಳೆಗಿಂತಲೂ ಬಹಳ ಕಡಿಮೆಯಾದ ವ್ಯತ್ಯಾಸವಾದರೂ ಉಳಿದೇ ಉಳಿಯುತ್ತದೆ. ಹತ್ತು ಕಿಲೋಗ್ರಾಂ ತೂಕದ ಒಂದು ಚಕ್ರದಲ್ಲಿ ಈ ವ್ಯತ್ಯಾಸ ಮಿಲಿಮೀಟರಿನ 200ರಲ್ಲಿ ಒಂದು ಪಾಲು ಮಾತ್ರವೆಂದು ಭಾವಿಸೋಣ. ಚಕ್ರವು ನಿಮಿಷಕ್ಕೆ 30,000 ಸುತ್ತು ತಿರುಗುತ್ತಿರಲಿ. ಅದನ್ನು ಜ್ಯಾಮಿತೀಯ ಕೇಂದ್ರದ ಸುತ್ತಲೇ ತಿರುಗಬೇಕೆಂದು ಬಲವಂತಪಡಿಸಿದರೆ ಉಂಟಾಗುವ ಅಪಕೇಂದ್ರ ಬಲವನ್ನು ಪದವಿ ತರಗತಿಯ ವಿದ್ಯಾರ್ಥಿ ಕೂಡ ಲೆಕ್ಕ ಹಾಕಬಲ್ಲನು: ಸುಮಾರು 490 ನ್ಯೂಟನ್, ಅಂದರೆ ಐವತ್ತು ಕಿಲೋಗ್ರಾಂ ತೂಕದಷ್ಟು. ಚಕ್ರದ ಸ್ವಂತ ತೂಕದ ಐದರಷ್ಟು ಬಲವು ಸೆಕೆಂಡಿಗೆ 500 ಸಲ ದಿಕ್ಕು ಬದಲಾಯಿಸುತ್ತ ಬೇರಿಂಗನ್ನೂ ಕವಚವನ್ನೂ ತಳಪಾಯವನ್ನೂ ಜಗ್ಗುತ್ತದೆ.

ಹೀಗಿರಲು, ಬಿಗಿಯಾಗಿ ಹಿಡಿಯದೆ ಬಿಟ್ಟರೆ ಏನಾದೀತು? ಈ ಪ್ರಶ್ನೆಗೆ ಸ್ವಾರಸ್ಯವಾದ ಒಂದು ಇತಿಹಾಸವಿದೆ. 1869ರಲ್ಲಿ ಸ್ಕಾಟ್ಲೆಂಡಿನ ಪ್ರಖ್ಯಾತ ಎಂಜಿನಿಯರ್ ರಾಂಕಿನ್, ಪ್ರತಿಯೊಂದು ದಂಡಕ್ಕೂ ಒಂದು ವೇಗದ ಮಿತಿಯಿದೆ, ಅದನ್ನು ಮೀರಿ ಅದು ಸ್ಥಿರವಾಗಿ ತಿರುಗಲಾರದು ಎಂದು ಗಣಿತದಿಂದ ವಾದಿಸಿದನು. ಅಂಥ ಪಂಡಿತನ ಮಾತನ್ನು ಬಹುಮಂದಿ ನಂಬಿದರು. ಆದರೆ ಸ್ವೀಡನ್ನಿನ ಗುಸ್ತಾಫ್ ದ ಲಾವಲ್ 1880ರ ದಶಕದಲ್ಲಿ ತನ್ನ ಉಗಿ ಟರ್ಬೈನಿಗೆ ದಪ್ಪನೆಯ ದಂಡಕ್ಕೆ ಬದಲಾಗಿ ತೆಳ್ಳಗಿನ ಬಳುಕುವ ದಂಡವನ್ನು ಹಾಕಿದನು. ವೇಗ ಏರುತ್ತಿದ್ದಂತೆ ಯಂತ್ರವು ಒಂದು ಹಂತದಲ್ಲಿ ಭಯಂಕರವಾಗಿ ನಡುಗಿತು. ಆ ಹಂತವನ್ನು ದಾಟಿದೊಡನೆ ಶಾಂತವಾಯಿತು. ಅವನ ಟರ್ಬೈನುಗಳು ನಿಮಿಷಕ್ಕೆ 30,000 ಸುತ್ತಿನವರೆಗೂ ಓಡಿದವು. ಇದಕ್ಕೆ ಕಾರಣವನ್ನು ಜರ್ಮನಿಯ ಫ್ಯೋಪಲ್ 1895ರಲ್ಲಿಯೂ, ಇಂಗ್ಲಿಷ್ ಬಲ್ಲವರಿಗೆ ಹೆಚ್ಚು ಪರಿಚಿತವಾದ ರೀತಿಯಲ್ಲಿ ಜೆಫ್‌ಕಾಟ್ 1919ರಲ್ಲಿಯೂ ವಿವರಿಸಿದರು. ನಡುಕ ಮಿತಿಮೀರುವ ಆ ವೇಗಕ್ಕೆ ಸಂದಿಗ್ಧ ವೇಗವೆಂದು ಹೆಸರು. ಅಲ್ಲಿ ಸುತ್ತುವಿಕೆಯ ಆವೃತ್ತಿಯೂ ದಂಡದ ಸಹಜ ಕಂಪನದ ಆವೃತ್ತಿಯೂ ಒಂದಾಗುತ್ತವೆ. ಅದರಾಚೆಗೆ ಚಕ್ರವು ಜ್ಯಾಮಿತೀಯ ಕೇಂದ್ರವನ್ನು ಬಿಟ್ಟು ತನ್ನ ದ್ರವ್ಯರಾಶಿಯ ಕೇಂದ್ರದ ಸುತ್ತಲೇ ತಿರುಗತೊಡಗುತ್ತದೆ. ಹೊರಗಿನಿಂದ ನೋಡುವವರಿಗೆ ದಂಡದ ಮೈ ಕೊಂಚ ಓಲಾಡುವಂತೆ ಕಾಣುತ್ತದೆ. ಆದರೆ ಆಧಾರದ ಮೇಲೆ ಬೀಳುವ ಬಲ ಬಹಳ ತಗ್ಗಿರುತ್ತದೆ.

ಲಾವಲನು ದಂಡವನ್ನು ತೆಳುವಾಗಿಸಿ ಮಾಡಿದುದನ್ನು ಸಕ್ರಿಯ ಕಾಂತ ಬೇರಿಂಗು ದಂಡವನ್ನು ಮುಟ್ಟದೆಯೇ ಮಾಡಬಲ್ಲುದು. ಸಂದಿಗ್ಧ ವೇಗವನ್ನು ದಾಟುವಾಗ ಅದು ಗಟ್ಟಿಯಾಗಿ ಹಿಡಿದು, ಕಂಪನದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ದಾಟಿದ ಮೇಲೆ, "ಸುತ್ತಿಗೊಮ್ಮೆ ಬರುವ ಅಲುಗಾಟಕ್ಕೆ ಮಾತ್ರ ನೀನು ಪ್ರತಿಕ್ರಿಯಿಸಬೇಡ" ಎಂದು ಅದರ ಗಣಕಕ್ಕೆ ಆಜ್ಞೆ ಕೊಡಬಹುದು. ಆಗ ಚಕ್ರವು ತನಗೆ ಸಹಜವಾದ ಅಕ್ಷದ ಸುತ್ತ ತಿರುಗುತ್ತದೆ. ಸಂವೇದಕವು ತೋರಿಸುವ ಅಲುಗಾಟ ಮೊದಲಿಗಿಂತ ಹೆಚ್ಚಾದರೂ ಆಗಬಹುದು. ಆದರೆ ಕವಚಕ್ಕೆ ತಲಪುವ ಬಲ ಹೆಚ್ಚುಕಡಮೆ ಇಲ್ಲವಾಗುತ್ತದೆ, ಕಾಂತಗಳಿಗೆ ಬೇಕಾದ ವಿದ್ಯುತ್ತೂ ಉಳಿಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಅಂಕಿಗಳ ಮೇಲೆ ಮೋಹವುಳ್ಳ ಯಂತ್ರಪಾಲಕನು "ಅಲುಗಾಟ ಸೊನ್ನೆಯಾಗಬೇಕು" ಎಂದು ಹಟ ಹಿಡಿದರೆ ಕಾಂತಗಳು ಆ ಐವತ್ತು ಕಿಲೋಗ್ರಾಂ ಬಲದೊಡನೆ ನಿರಂತರವಾಗಿ ಸೆಣಸಬೇಕಾಗುತ್ತದೆ. ದಂಡವು ನಿಶ್ಚಲವಾಗಿ ಕಾಣುವುದು, ಕಟ್ಟಡ ನಡುಗುವುದು.

ಬಳಕೆಯಲ್ಲಿರುವ ಮಾನದಂಡಗಳನ್ನು ಹೋಲಿಸಿದರೆ ಈ ಭೇದ ಸ್ಪಷ್ಟವಾಗುತ್ತದೆ. ಎಣ್ಣೆಯ ಪದರದ ಮೇಲೆ ತಿರುಗುವ ಕೈಗಾರಿಕಾ ಯಂತ್ರಗಳಿಗೆ ಬಹುಕಾಲದಿಂದ ಅನ್ವಯಿಸುತ್ತ ಬಂದಿರುವ ಅಂತರರಾಷ್ಟ್ರೀಯ ಸೂತ್ರದ ಪ್ರಕಾರ, ನಿಮಿಷಕ್ಕೆ 10,000 ಸುತ್ತು ತಿರುಗುವ ಹೊಸ ಯಂತ್ರದ ದಂಡವು ಈ ತುದಿಯಿಂದ ಆ ತುದಿಗೆ ಒಟ್ಟು 48 ಮೈಕ್ರೋಮೀಟರಿಗಿಂತ ಹೆಚ್ಚು ಅಲುಗಬಾರದು. ಮೈಕ್ರೋಮೀಟರೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕಾಂತ ಬೇರಿಂಗುಗಳಿಗೆಂದು 2004ರಲ್ಲಿ ಪ್ರಕಟವಾದ 14839ನೆಯ ಅಂತರರಾಷ್ಟ್ರೀಯ ಮಾನದಂಡದ ಎರಡನೆಯ ಭಾಗವು ವೇಗವನ್ನು ಕೇಳುವುದೇ ಇಲ್ಲ. ಅದು ಕೇಳುವುದು ಇಷ್ಟು: ದಂಡವು ಸುತ್ತಲಿನ ಸ್ಥಿರಭಾಗಕ್ಕೆ ತಾಗದೆ ಎಷ್ಟು ದೂರ ಸರಿಯಬಹುದು? ಆ ಎಡೆಯ ಹತ್ತರಲ್ಲಿ ಮೂರು ಪಾಲಿನೊಳಗೆ ಚಲಿಸಿದರೆ ಉತ್ತಮ. ನಾಲ್ಕು ಪಾಲಿನವರೆಗೆ ಒಪ್ಪತಕ್ಕದ್ದು. ಅರ್ಧವನ್ನು ಮೀರಿದರೆ ಅಪಾಯ. ಎಡೆ ಕಾಲು ಮಿಲಿಮೀಟರಾದರೆ, ಕೇಂದ್ರದಿಂದ ಒಂದು ಕಡೆಗೇ 75 ಮೈಕ್ರೋಮೀಟರು ಸರಿಯುವ ದಂಡಕ್ಕೂ ಉತ್ತಮ ದರ್ಜೆಯೇ ದೊರೆಯುತ್ತದೆ! ಇದು ಸಡಿಲವಾದ ನ್ಯಾಯವಲ್ಲ. ಎಣ್ಣೆಯ ಬೇರಿಂಗಿನಲ್ಲಿ ಅಲುಗಾಟವೆಂದರೆ ಬಲ. ಕಾಂತ ಬೇರಿಂಗಿನಲ್ಲಿ ಅಲುಗಾಟಕ್ಕೂ ಬಲಕ್ಕೂ ಆ ನೇರ ಸಂಬಂಧ ಉಳಿದಿಲ್ಲ.

ತಡವಾಗಿ ಬಂದ ಸಹಾಯ

ಇಲ್ಲಿಯವರೆಗೆ ಹೇಳಿದುದು ಅಲುಗಾಟ ಕಂಡರೂ ಹೆದರಬೇಕಾಗಿಲ್ಲದ ಸಂಗತಿ. ಅಲುಗಾಟ ಕಾಣದಿದ್ದರೂ ಹೆದರಬೇಕಾದ ಸಂಗತಿಯೊಂದಿದೆ. ಅದೇ ಹೆಚ್ಚು ಗಂಭೀರವಾದುದು.

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಉಕ್ಕಿನ ಗುಂಡನ್ನು ವಿದ್ಯುತ್ಕಾಂತದ ಕೆಳಗೆ ತೇಲಿಸುವ ಒಂದು ಸಣ್ಣ ಉಪಕರಣವನ್ನು ವಿದ್ಯಾರ್ಥಿಗಳೇ ಕಟ್ಟಿದ್ದಾರೆ. ಒಂದು ಕಡೆ ಬೆಳಕಿನ ದೀಪ, ಇನ್ನೊಂದು ಕಡೆ ಬೆಳಕನ್ನು ಅಳೆಯುವ ಡಯೋಡು. ಗುಂಡಿನ ನೆರಳು ಡಯೋಡಿನ ಮೇಲೆ ಎಷ್ಟು ಬೀಳುತ್ತದೆ ಎಂಬುದರಿಂದ ಅದರ ಸ್ಥಾನ ತಿಳಿಯುತ್ತದೆ. ಮೊದಲ ದಿನ ಗುಂಡು ತೇಲಿತು, ಎಲ್ಲರಿಗೂ ಸಂತೋಷ. ಆದರೆ ಬೆರಳಿನಿಂದ ಸೋಕಿದರೆ ಸ್ವಲ್ಪ ಹೊತ್ತು ತೂಗಾಡುತ್ತಿತ್ತು. ಒಬ್ಬ ಹುಡುಗಿ, "ಸಾರ್, ಇನ್ನೂ ಬಿಗಿಯಾಗಿ ಹಿಡಿದರೆ ಈ ತೂಗಾಟ ನಿಲ್ಲುವುದಿಲ್ಲವೆ?" ಎಂದು ಕೇಳಿದಳು. "ನೀನೇ ಮಾಡಿ ನೋಡಮ್ಮ" ಎಂದೆ. ಅವಳು ವರ್ಧಕದ ಗುಂಡಿಯನ್ನು ಮೆಲ್ಲನೆ ತಿರುಗಿಸಿದಳು. ಗುಂಡು ಒಂದು ಕ್ಷಣ ನಿಶ್ಚಲವಾಗಿ ನಿಂತಿತು. ನೋಡುವುದಕ್ಕೆ ಅಷ್ಟು ಚೆನ್ನಾಗಿ ಅದು ಹಿಂದೆಂದೂ ನಿಂತಿರಲಿಲ್ಲ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದಳು. ಗುಂಡು ದುಂಬಿಯಂತೆ ಗುಂಯ್‌ಗುಟ್ಟತೊಡಗಿ ಮೇಜಿನ ಮೇಲೆ ಬಿದ್ದು ಉರುಳಿಹೋಯಿತು.

ಆದುದೇನೆಂದರೆ, ಸಂವೇದಕ, ನಿಯಂತ್ರಕ, ವರ್ಧಕ, ಸುರುಳಿ ಇವುಗಳಲ್ಲಿ ಪ್ರತಿಯೊಂದೂ ಒಂದಿಷ್ಟು ಕಾಲವನ್ನು ತೆಗೆದುಕೊಳ್ಳುತ್ತದೆ. ಆದುದರಿಂದ ಕಾಂತವು ಎಳೆಯುವುದು ಗುಂಡು ಈಗ ಇರುವ ಸ್ಥಾನವನ್ನು ನೋಡಿ ಅಲ್ಲ; ಸ್ವಲ್ಪ ಮುಂಚೆ ಇದ್ದ ಸ್ಥಾನವನ್ನು ನೋಡಿ. ಗುಂಡು ಕೇಂದ್ರದಿಂದ ದೂರ ಸರಿಯುವಾಗ, ಹಿಂದಿನ ಕಡಿಮೆ ದೂರಕ್ಕೆ ತಕ್ಕ ಬಲವೇ ಬರುವುದರಿಂದ ತಡೆ ಸಾಲದಾಗುತ್ತದೆ. ಕೇಂದ್ರಕ್ಕೆ ಮರಳುವಾಗ, ಹಿಂದಿನ ಹೆಚ್ಚು ದೂರಕ್ಕೆ ತಕ್ಕ ಬಲ ಬಂದು ಅಗತ್ಯಕ್ಕಿಂತ ಹೆಚ್ಚಾಗಿ ನೂಕುತ್ತದೆ. ಸಕಾಲಕ್ಕೆ ಕೈಹಾಕಿ ಉಯ್ಯಾಲೆಯನ್ನು ತೂಗಿದಂತೆ ಪ್ರತಿ ಆವರ್ತನದಲ್ಲಿಯೂ ಒಂದಿಷ್ಟು ಶಕ್ತಿ ಗುಂಡಿಗೆ ಸೇರುತ್ತದೆ. ಈ ಶಕ್ತಿಯನ್ನು ಹೀರಿಕೊಳ್ಳುವ ಏರ್ಪಾಟನ್ನು ನಿಯಂತ್ರಕದಲ್ಲಿ ಇಟ್ಟಿರುತ್ತಾರೆ, ನಿಜ. ಆದರೆ ಹಿಡಿತವನ್ನು ಬಿಗಿಮಾಡುತ್ತ ಹೋದರೆ ಒಂದು ಹಂತದಲ್ಲಿ ಸೇರುವ ಶಕ್ತಿಯೇ ಮೇಲಾಗುತ್ತದೆ. ದೊಡ್ಡ ಯಂತ್ರದಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಅದರ ದಂಡವು ಬಿಲ್ಲಿನಂತೆ ಬಾಗಿ ಕಂಪಿಸಬಲ್ಲುದು. ಆ ಬಾಗುವಿಕೆಯ ಆವೃತ್ತಿ ಸೆಕೆಂಡಿಗೆ 1,000 ಸಲವಾಗಿದ್ದು, ಒಟ್ಟು ತಡ ಸೆಕೆಂಡಿನ ಹತ್ತು ಸಾವಿರದ ಒಂದು ಪಾಲು ಮಾತ್ರವೇ ಆಗಿದ್ದರೂ, ಅದು ಆವರ್ತನದ ಹತ್ತನೆಯ ಒಂದು ಭಾಗವನ್ನು, ಎಂದರೆ 36 ಡಿಗ್ರಿಯ ಹಿನ್ನಡೆಯನ್ನು, ನುಂಗಿಬಿಡುತ್ತದೆ.

ಹಾಗಾದರೆ ಬೀಳುವುದಕ್ಕೆ ಸ್ವಲ್ಪ ಮೊದಲು ಆ ಗುಂಡು ಎಷ್ಟು ನಿಶ್ಚಲವಾಗಿತ್ತೆಂಬುದನ್ನು ನೆನೆಯಿರಿ. ಮೇಸ್ತ್ರಿಯ ಅಂಗೈ ಆ ಗಳಿಗೆಯಲ್ಲಿ, "ಇದಕ್ಕಿಂತ ಆರೋಗ್ಯವಾದ ಯಂತ್ರವಿಲ್ಲ" ಎಂದೇ ಹೇಳುತ್ತಿತ್ತು. ಕಾಂತ ಬೇರಿಂಗಿನ ಮೇಲೆ ಶಾಂತವಾಗಿ ಓಡುತ್ತಿರುವ ಸಂಪೀಡಕವೂ ಇದೇ ಸ್ಥಿತಿಯಲ್ಲಿರಬಹುದು. ಬಿಸಿಲೇರಿ ಭಾಗಗಳು ಕಾದು ಅಂತರಗಳು ಬದಲಾದರೆ, ಅನಿಲದ ಒತ್ತಡ ಹೆಚ್ಚಿ ಅದರ ಹರಿವು ದಂಡವನ್ನು ಸುಳಿಯಂತೆ ತಿರುವತೊಡಗಿದರೆ, ಉಳಿದಿದ್ದ ಅಲ್ಪ ಅವಕಾಶವೂ ಕರಗಿ ಯಂತ್ರವು ಹಠಾತ್ತಾಗಿ ಕೆರಳಬಹುದು. ಆಗ ದಂಡವು ಕಾಂತಗಳ ಹಿಡಿತದಿಂದ ಜಾರಿ, ಅಂಥ ಆಪತ್ತಿಗೆಂದೇ ಇಟ್ಟಿರುವ ಆಸರೆಯ ಬೇರಿಂಗುಗಳ ಮೇಲೆ ಪೂರ್ಣ ವೇಗದಿಂದ ಅಪ್ಪಳಿಸುತ್ತದೆ.

ಮಡಕೆ ತಟ್ಟಿ ನೋಡುವ ವಿದ್ಯೆ

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಅದನ್ನು ಕಣ್ಣಿನಿಂದ ನೋಡಿಯಷ್ಟೇ ತೃಪ್ತರಾಗುವುದಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟಿ, ಅದರ ದನಿಯನ್ನು ಕೇಳುತ್ತಾರೆ. ಬಿರುಕು ಕಣ್ಣಿಗೆ ಕಾಣದಿದ್ದರೂ ದನಿ ಅದನ್ನು ಹೇಳಿಬಿಡುತ್ತದೆ. ಯಂತ್ರಕ್ಕೂ ಬೇಕಾದುದು ಈ ಪರೀಕ್ಷೆಯೇ. ಎಷ್ಟು ಅಲುಗುತ್ತಿದೆ ಎಂಬುದು ಒಂದು ಪ್ರಶ್ನೆ. ತಟ್ಟಿದರೆ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ದೊರೆತ ಮಾತ್ರಕ್ಕೆ ಎರಡನೆಯದಕ್ಕೆ ಉತ್ತರ ದೊರೆಯದು.

ಮೇಲೆ ಹೇಳಿದ ಮಾನದಂಡದ ಮೂರನೆಯ ಭಾಗವು 2006ರಲ್ಲಿ ಈ ಎರಡನೆಯ ಪ್ರಶ್ನೆಗಾಗಿಯೇ ಹೊರಬಂದಿತು. ಅದರ ವಿಧಾನ ಸರಳವಾದುದು. ನಿಯಂತ್ರಣದ ಸುತ್ತಿನೊಳಗೆ ಒಂದು ಕಡೆ ಚಿಕ್ಕದೊಂದು ಕಂಪನವನ್ನು ಬೇಕೆಂದೇ ಬೆರೆಸುತ್ತಾರೆ. ಸುತ್ತನ್ನು ಪೂರೈಸಿ ಬಂದಾಗ ಅದು ಎಷ್ಟು ಪಟ್ಟು ಹಿಗ್ಗಿದೆಯೆಂದು ಅಳೆಯುತ್ತಾರೆ. ಆವೃತ್ತಿಯನ್ನು ಬದಲಾಯಿಸುತ್ತ ಇದನ್ನೇ ಮರುಕಳಿಸುತ್ತಾರೆ. ಯಾವ ಆವೃತ್ತಿಯಲ್ಲಿಯೂ ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗದಿದ್ದರೆ ಯಂತ್ರವು ಉತ್ತಮ. ನಾಲ್ಕರವರೆಗೆ ದೀರ್ಘಕಾಲ ಓಡಿಸಲು ಯೋಗ್ಯ. ಐದನ್ನು ಮೀರಿದರೆ ಹಾನಿಕರ. ಇಲ್ಲಿ ಒಂದು ಸೊಗಸಿದೆ. ಬೇರೆ ಬೇರಿಂಗುಗಳನ್ನು ತಟ್ಟಿ ನೋಡಬೇಕಾದರೆ ಹೊರಗಿನಿಂದ ಸುತ್ತಿಗೆಯನ್ನೋ ಕಂಪಕವನ್ನೋ ತರಬೇಕು. ಓಡುತ್ತಿರುವ ದಂಡವನ್ನು ತಟ್ಟುವುದಂತೂ ದುಸ್ಸಾಧ್ಯ. ಕಾಂತ ಬೇರಿಂಗಿಗೆ ತಟ್ಟುವ ಬೆರಳೂ ಕೇಳುವ ಕಿವಿಯೂ ಹುಟ್ಟಿನಿಂದಲೇ ಇವೆ. ಯಂತ್ರವನ್ನು ನಿಲ್ಲಿಸದೆ ಅದನ್ನು ಪರೀಕ್ಷಿಸಬಹುದು.

ಈ ವಾದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. "ಇದು ಹೊಸ ಮಾತೇನಲ್ಲ, ಎಣ್ಣೆಯ ಬೇರಿಂಗುಗಳಲ್ಲಿಯೂ ಹಠಾತ್ತಾದ ಕೆರಳಾಟ ಉಂಟು" ಎಂದು ಅನುಭವಿಗಳು ಹೇಳಬಹುದು. ನಿಜ. ಎಣ್ಣೆಯ ಪದರವೇ ದಂಡವನ್ನು ಸುತ್ತಿಸಿ ಕೆರಳಿಸುವ ಬಗೆಯನ್ನು ನ್ಯೂಕರ್ಕ್ ಮತ್ತು ಟೇಲರ್ 1925ರಲ್ಲಿಯೇ ವರದಿ ಮಾಡಿದರು. ಆದರೆ ಎಣ್ಣೆಯ ಗುಣವನ್ನು ಯಾರೂ ಒಂದು ಗುಂಡಿ ತಿರುಗಿಸಿ ಬದಲಾಯಿಸಲಾರರು. ಕಾಂತ ಬೇರಿಂಗಿನ ಸ್ವಭಾವವನ್ನಾದರೋ ಗಣಕದ ಮುಂದೆ ಕುಳಿತ ಯಾರಾದರೂ, ಒಳ್ಳೆಯ ಉದ್ದೇಶದಿಂದಲೇ, ಒಂದೆರಡು ಅಂಕಿಗಳನ್ನು ತಿದ್ದಿ ಕೆಡಿಸಿಬಿಡಬಹುದು. "ಈ ಬೇರಿಂಗುಗಳು ದುಬಾರಿ, ಎಲ್ಲ ಕಡೆಯೂ ಬರುವಂಥವಲ್ಲ" ಎಂಬುದು ಎರಡನೆಯ ಆಕ್ಷೇಪಣೆ. ಇದನ್ನೂ ಒಪ್ಪುತ್ತೇನೆ. ಕಬ್ಬಿಣದಲ್ಲಿ ಒಂದೂವರೆ ಟೆಸ್ಲಾದಷ್ಟು ಕಾಂತಕ್ಷೇತ್ರವಿದ್ದರೆ ಚದರ ಸೆಂಟಿಮೀಟರಿಗೆ ಸಿಕ್ಕುವ ಬಲ ಸುಮಾರು ಒಂಬತ್ತು ಕಿಲೋಗ್ರಾಂ ತೂಕದಷ್ಟು. ಒಳ್ಳೆಯ ಎಣ್ಣೆಯ ಪದರವು ಇದಕ್ಕಿಂತ ಹೆಚ್ಚು ಹೊರಬಲ್ಲುದು. ವಿದ್ಯುತ್ತು ಹೋದರೆ ಕಾಂತವೂ ಇಲ್ಲ. ಹಿಟ್ಟಿನ ಗಿರಣಿಗೆ ಈ ಬೇರಿಂಗನ್ನು ಹಾಕಿರೆಂದು ನಾನು ಹೇಳುತ್ತಿಲ್ಲ. ಎಲ್ಲಿ ಹಾಕಿದ್ದೇವೆಯೋ ಅಲ್ಲಿ ಹಳೆಯ ಒಂದೇ ಪ್ರಶ್ನೆಯಿಂದ ತೃಪ್ತರಾಗಬಾರದು ಎಂಬುದಷ್ಟೇ ನನ್ನ ವಾದ.

ಆದುದರಿಂದ ಇಂಥ ಯಂತ್ರಗಳನ್ನು ಕೊಳ್ಳುವವರಲ್ಲಿಯೂ ಓಡಿಸುವವರಲ್ಲಿಯೂ ನನ್ನದೊಂದು ಬಿನ್ನಹವಿದೆ. ಯಂತ್ರವನ್ನು ಒಪ್ಪಿಕೊಳ್ಳುವ ದಿನ ಕಂಪನದ ಅಂಕಿಯನ್ನು ಬರೆದುಕೊಳ್ಳುವಂತೆಯೇ, ತಟ್ಟಿ ನೋಡಿದ ಅಂಕಿಯನ್ನೂ ಬರೆದುಕೊಳ್ಳಿರಿ. ನಿಯಂತ್ರಕದಲ್ಲಿ ಯಾವ ತಿದ್ದುಪಡಿ ಮಾಡಿದರೂ, ವರ್ಷಕ್ಕೊಮ್ಮೆ ದುರಸ್ತಿ ಮಾಡಿದಾಗಲೂ, ಅದನ್ನು ಮತ್ತೆ ಅಳೆದು ಹಿಂದಿನದರೊಡನೆ ಹೋಲಿಸಿರಿ. ಕಂಪನ ತಗ್ಗಿತೆಂದು ಹಿಗ್ಗುವ ಮುಂಚೆ, ಯಾವ ಬೆಲೆಯನ್ನು ತೆತ್ತು ತಗ್ಗಿತು ಎಂದು ಕೇಳಿರಿ.

ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿ ಹೇಳಬೇಕಾದುದು ಇನ್ನೂ ಮುಖ್ಯವೆಂದು ನನಗೆ ತೋರುತ್ತದೆ. ನಾವು ಕಂಪನವನ್ನು ಯಂತ್ರಶಾಸ್ತ್ರದ ಪತ್ರಿಕೆಯಲ್ಲಿ ಕಲಿಸುತ್ತೇವೆ; ಕಾಂತವನ್ನು ವಿದ್ಯುತ್ತಿನ ಪತ್ರಿಕೆಯಲ್ಲಿ; ಹಿಮ್ಮಾಹಿತಿಯನ್ನು ಎಲೆಕ್ಟ್ರಾನಿಕ್ಸಿನಲ್ಲಿ. ವರ್ಧಕವೊಂದು ತಾನಾಗಿಯೇ ಕಂಪಿಸತೊಡಗುವುದಕ್ಕೆ ಬಾರ್ಕ್‌ಹೌಸೆನ್ ಹೇಳಿದ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಯು, ಗುಂಯ್‌ಗುಟ್ಟಿ ಬಿದ್ದ ಉಕ್ಕಿನ ಗುಂಡಿನಲ್ಲಿ ಅದೇ ನಿಯಮವು ನಡೆಯಿತೆಂದು ಗುರುತಿಸಲಾರನು. ತಪ್ಪು ಅವನದಲ್ಲ, ಮೂರು ಕೊಠಡಿಗಳ ನಡುವೆ ಬಾಗಿಲಿಡದ ನಮ್ಮದು. ಒಂದು ಸುರುಳಿ, ಒಂದು ದೀಪ, ಒಂದು ಡಯೋಡು, ಕೆಲವು ಟ್ರಾನ್ಸಿಸ್ಟರುಗಳು ಇವಿಷ್ಟರಿಂದ ಆ ಬಾಗಿಲನ್ನು ತೆರೆಯಬಹುದು. ಆ ಪ್ರಯೋಗದ ಕೊನೆಯಲ್ಲಿ ವಿದ್ಯಾರ್ಥಿಯು ಎರಡು ಅಂಕಿಗಳನ್ನು ಬರೆಯಲಿ: ಗುಂಡು ಎಷ್ಟು ಅಲುಗಿತು, ಸೋಕಿದ ಮೇಲೆ ಎಷ್ಟು ಬೇಗ ನೆಮ್ಮದಿಗೆ ಬಂದಿತು. ಎರಡನೆಯ ಅಂಕಿಯನ್ನು ಒಮ್ಮೆ ತನ್ನ ಕೈಯಿಂದ ಅಳೆದವನು ಮುಂದೆ ಯಾವ ಯಂತ್ರದ ಬಳಿಗೆ ಹೋದರೂ ಅದನ್ನು ಕೇಳದೆ ಇರಲಾರನು.

ಗುಂಡು ಬಿದ್ದ ದಿನ ಆ ಹುಡುಗಿ ತುಸು ನಾಚಿದಳು. ಮರುವಾರ ಅವಳೇ ವರ್ಧಕವನ್ನು ಸಡಿಲಿಸಿ, ತೂಗಾಟದ ಶಕ್ತಿಯನ್ನು ಹೀರುವ ಭಾಗವನ್ನು ಸ್ವಲ್ಪ ಹೆಚ್ಚಿಸಿ, ಗುಂಡನ್ನು ಮತ್ತೆ ತೇಲಿಸಿದಳು. ಅದು ಮೊದಲಿನಷ್ಟು ನಿಶ್ಚಲವಾಗಿರಲಿಲ್ಲ. ಪಕ್ಕದಲ್ಲಿ ಯಾರಾದರೂ ನಡೆದರೆ ಕೊಂಚ ಮಿಸುಕುತ್ತಿತ್ತು. ಆದರೆ ನಾವು ಸಂಜೆ ಬೀಗ ಹಾಕುವವರೆಗೂ ಅದು ಬೀಳಲಿಲ್ಲ.